ಊರಿಗೆ ಹೋದವರ ಪಟ್ಟಿ

ಆ ಅರ್ಜಿಗಳ ಕಟ್ಟು ಕೈಗೆ ಬಂದಾಗಲೇ ಇದರಲ್ಲಿ ಏನೋ ಮಸಲತ್ತು ಇದೆ ಅನ್ನಿಸಿತ್ತು. ಒಟ್ಟು ಮೂವತ್ತೆರಡು. ಎಲ್ಲವೂ ಫಾರ್ಮ್ ಸೆವೆನ್, ಅಂದರೆ ‘ಈ ಮತದಾರ ಇಲ್ಲಿಲ್ಲ, ಹೆಸರು ತೆಗೆಯಿರಿ’ ಎಂದು ಇನ್ನೊಬ್ಬ ಮತದಾರ ಕೊಡುವ ಆಕ್ಷೇಪ. ಆಕ್ಷೇಪಕ್ಕೆ ಸಹಿ ಹಾಕಿದವರು ಎಂಟು ಮಂದಿ, ಬರೆದ ಕೈ ಮಾತ್ರ ಒಂದೇ. ವರ್ಷಗಟ್ಟಲೆ ಕಾಪಿ ಪುಸ್ತಕ ತಿದ್ದಿದವಳ ಕಣ್ಣಿಗೆ ಇಂಥದ್ದರಲ್ಲಿ ಮಣ್ಣೆರಚಲು ಆಗುವುದಿಲ್ಲ.

ನಾನು ಮುಂಬಯಿ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯೊಂದರ ಟೀಚರು. ಪಾಲಿಕೆಯ ಚುನಾವಣೆ ಎದುರಿಗಿತ್ತು, ನನ್ನನ್ನು ಬೂತ್ ಮಟ್ಟದ ಅಧಿಕಾರಿ ಮಾಡಿದ್ದರು. ಹೆಸರಿಗೆ ಅಧಿಕಾರಿ. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಚೀಲ ಹೆಗಲಿಗೇರಿಸಿಕೊಂಡು ಮನೆ ಮನೆ ಅಲೆತ. ಪಾಲಿಕೆ ಚುನಾವಣೆಗೆ ಬೇರೆ ಪಟ್ಟಿ ಅಂತ ಇಲ್ಲ. ವಿಧಾನಸಭೆಯ ಪಟ್ಟಿಯನ್ನೇ ಒಂದು ದಿನ ಗೊತ್ತು ಮಾಡಿ ವಾರ್ಡ್‌ವಾರು ಒಡೆಯುತ್ತಾರೆ. ಆ ದಿನದೊಳಗೆ ಹೆಸರು ಹೋದರೆ ಹೋಯಿತು. ನನಗೆ ಉಳಿದದ್ದು ಹನ್ನೆರಡು ದಿನ.

ಮೂವತ್ತೆರಡು ಹೆಸರೂ ಒಂದೇ ಚಾಳ್‌ನವು. ನಮ್ಮ ಶಾಲೆಯ ಗೋಡೆಗೆ ತಾಗಿಕೊಂಡಿರುವ, ಒಂದೊಂದೇ ಕೋಣೆಯ ಮನೆಗಳ ಚಾಳ್ ಅದು, ಪವಾಯಿಯಿಂದ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ. ಅರ್ಧ ಒಡೆದು ಹಾಕಿದ್ದರು. ಬಿಲ್ಡರ್ ಅಲ್ಲಿ ಟವರ್ ಎಬ್ಬಿಸುವವನಿದ್ದ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಬಾಡಿಗೆ ಹಣ ಇಸಿದುಕೊಂಡು ಬೇರೆ ಕಡೆ ಹೋಗಿದ್ದರು. ಸಹಿ ಹಾಕದವರ ನೀರಿನ ಪೈಪು ‘ತಪ್ಪಿ’ ಒಡೆದು ಹೋಗಿತ್ತು, ಕರೆಂಟು ‘ತಪ್ಪಿ’ ಕಟ್ಟಾಗಿತ್ತು. ಅವರೂ ಬೀಗ ಹಾಕಿಕೊಂಡು ತಂಗಿಯ ಮನೆ, ಭಾವನ ಮನೆ ಸೇರಿದ್ದರು. ಇತ್ತ ಬಿಲ್ಡರನ ಪಾಲುದಾರನ ತಮ್ಮ ನಗರಸೇವಕನ, ಅಂದರೆ ಕಾರ್ಪೊರೇಟರನ ಸೀಟಿಗೆ ನಿಂತಿದ್ದ. ಇಷ್ಟೆಲ್ಲ ಕಾಕತಾಳೀಯ ಅಂತ ನಂಬಲು ನಾನೇನು ನಿನ್ನೆ ಮೊನ್ನೆ ಮುಂಬಯಿಗೆ ಬಂದವಳಲ್ಲ.

ಮೊದಲ ದಿನ ಹೋದಾಗ ಕಲ್ಲುಮಣ್ಣಿನ ಗುಡ್ಡೆ, ತುಕ್ಕು ಹಿಡಿದ ಬೀಗಗಳು. ನಿಯಮದ ಪ್ರಕಾರ ಮೂರು ಸಲ ಹೋಗಬೇಕು, ಅಕ್ಕಪಕ್ಕದ ಇಬ್ಬರ ಸಹಿ ತೆಗೆದುಕೊಳ್ಳಬೇಕು. ಪಕ್ಕವೇ ಇಲ್ಲದ ಕಡೆ ಅಕ್ಕಪಕ್ಕದವರನ್ನು ಎಲ್ಲಿಂದ ತರಲಿ? ಬಿಸಿಲಿಗೆ ಕೊಡೆ ಬಿಚ್ಚಿ ನಿಂತಿದ್ದಾಗ ಸೈಟ್ ಆಫೀಸಿನ ಬಾಗಿಲು ತೆರೆಯಿತು.

“ಎಂತ ಟೀಚರ್, ಇಷ್ಟು ಬಿಸಿಲಲ್ಲಿ? ಬನ್ನಿ, ಒಳಗೆ ಏಸಿ ಉಂಟು.”

ಬಿಲ್ಡರನ ಆಫೀಸಿನ ಮ್ಯಾನೇಜರ್. ನಮ್ಮ ಉಡುಪಿ ಕಡೆಯವನೇ, ಬಾಯಿ ತೆರೆದರೆ ಸಕ್ಕರೆ. ಮಜ್ಜಿಗೆ ತರಿಸಿದ. ನಾನು ಕೇಳುವ ಮೊದಲೇ ಒಂದು ಹಾಳೆ ಮುಂದಿಟ್ಟ. ಮೂವತ್ತೆರಡು ಹೆಸರು, ಪ್ರತಿಯೊಂದರ ಮುಂದೆ ‘ಖಾಯಂ ಬಿಟ್ಟು ಹೋಗಿದ್ದಾರೆ’.

“ನಿಮಗೆ ತಿರುಗಾಟ ಉಳಿಯಿತು ನೋಡಿ. ಇದನ್ನೇ ಇಳಿಸಿದರೆ ಆಯ್ತಲ್ಲ?”

“ನನ್ನ ಹತ್ತಿರ ಇರುವುದು ಇದೇ ಮೂವತ್ತೆರಡು ಅಂತ ನಿಮಗೆ ಹೇಗೆ ಗೊತ್ತು?” ಅಂದೆ.

“ಅಯ್ಯೋ ಟೀಚರೇ, ಊರೆಲ್ಲ ಗೊತ್ತುಂಟು” ಎಂದು ನಕ್ಕ. ನಾನು ನಗಲಿಲ್ಲ. ಮಜ್ಜಿಗೆ ಮಾತ್ರ ಕುಡಿದೆ, ಬಾಯಾರಿತ್ತು. ಹಾಳೆಯನ್ನೂ ಚೀಲಕ್ಕೆ ಸೇರಿಸಿದೆ, ಕೊಟ್ಟದ್ದನ್ನು ಬಿಡುವುದೇಕೆ?

ಹೊರಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ತಗಡಿನ ಬೇಲಿಗೆ ಬಿಲ್ಡರ್ ಅಂಟಿಸಿದ್ದ ನೋಟೀಸಿನ ಫೋಟೋ ತೆಗೆದದ್ದು. ಒಪ್ಪಿಗೆ ಕೊಟ್ಟವರ ಹೆಸರುಗಳು ಅದರಲ್ಲಿದ್ದವು. ಮನೆಗೆ ಬಂದು ಎರಡನ್ನೂ ಎದುರಿಗಿಟ್ಟುಕೊಂಡು ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಮೂವತ್ತೆರಡರಲ್ಲಿ ಒಂದೇ ಒಂದು ಹೆಸರೂ ಒಪ್ಪಿಗೆಯ ಪಟ್ಟಿಯಲ್ಲಿ ಇರಲಿಲ್ಲ. ಒಪ್ಪಿಗೆಗೆ ಸಹಿ ಹಾಕಿದವರೂ ಚಾಳ್ ಬಿಟ್ಟು ದೂರ ಹೋದವರೇ, ಅವರ ಮೇಲೆ ಒಂದು ಆಕ್ಷೇಪವೂ ಇಲ್ಲ. ಮೈಯೆಲ್ಲ ಉರಿದು ಹೋಯಿತು.

ಮೂವತ್ತೆರಡರಲ್ಲಿ ಒಬ್ಬಳ ಫೋನ್ ನಂಬರ್ ನನ್ನ ಹತ್ತಿರ ಇತ್ತು. ಕಲಬುರ್ಗಿ ಕಡೆಯ ಹೆಂಗಸು, ಗಂಡ ತೀರಿಹೋಗಿದ್ದ, ಪವಾಯಿಯ ಟವರೊಂದರಲ್ಲಿ ಮೆಟ್ಟಿಲು ಗುಡಿಸುವ ಕೆಲಸ. ಅವಳ ಮಗಳು ನಾಲ್ಕನೇ ಕ್ಲಾಸಿನವರೆಗೆ ನನ್ನ ಕೈಕೆಳಗೇ ಓದಿದವಳು. ಮಾರನೆಯ ದಿನ ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಟವರಿನ ಗೇಟಿಗೇ ಹೋದೆ. ವಾಚ್‌ಮ್ಯಾನ್ ಒಳಗೆ ಬಿಡಲಿಲ್ಲ. ಅವಳೇ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಅರ್ಜಿ ತೋರಿಸಿದೆ.

“ನಾ ಎಲ್ಲಿ ಹೋಗೀನ್ರಿ ಅಕ್ಕೋರ? ತಂಗಿ ಮನ್ಯಾಗ ಇದ್ದೀನಿ, ಎರಡು ಸ್ಟಾಪ್ ಆಚಿ. ಬೀಗದ ಕೈ ಇಲ್ಲೇ ಐತಿ ನೋಡ್ರಿ” ಎಂದು ಸೆರಗಿನ ಗಂಟು ಬಿಚ್ಚಿದಳು.

“ಬಿಲ್ಡರನ ಕಾಗದಕ್ಕೆ ಸಹಿ ಯಾಕೆ ಹಾಕಲಿಲ್ಲ?”

“ಗಟಾರದ ನಾಲಾ ಬಾಜೂಕ ಮನಿ ಕೊಡ್ತೀವಂತಾರ್ರಿ. ಎಷ್ಟ್ ದೊಡ್ಡದು, ಎಷ್ಟನೇ ಮಜಲಾ, ಏನೂ ಬರದಿಲ್ಲ. ಕೋರಾ ಕಾಗದಕ್ಕ ಹ್ಯಾಂಗ್ ಸಹಿ ಹಾಕಲಿ?” ಅವಳ ದನಿ ಏರಿತು. “ಬಾಡಿಗಿ ಪಾವತಿ ಪುಸ್ತಕ ನಮ್ಮಪ್ಪನ ಹೆಸರಿನ್ಯಾಗ ಐತಿ. ನನ್ನ ಹೆಸರಿಗೆ ಅಂತ ಇರೋದು ಈ ವೋಟಿಂಗ್ ಲಿಸ್ಟ್ ಒಂದೇ. ಇದ್ರಾಗ ಹೆಸರು ಹೋತಂದ್ರ ರೂಮೂ ಹೋತ್ರಿ ಅಕ್ಕೋರ.”

ಅಲ್ಲಿಯವರೆಗೆ ನಾನು ಇದನ್ನು ವೋಟಿನ ಕಿತಾಪತಿ ಎಂದೇ ತಿಳಿದಿದ್ದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯುತ್ತಿದ್ದಾರೆ ಎಂದು ಆಗ ಹೊಳೆಯಿತು. ಈಗ ವಾರ್ಡಿನಲ್ಲಿ ಎದುರಾಳಿಯ ವೋಟು ಕಡಿಮೆ, ಮುಂದೆ ಟವರಿನಲ್ಲಿ ಹಕ್ಕುದಾರರು ಕಡಿಮೆ. “ನಿನ್ನ ಹೆಸರು ಹೋಗುವುದಿಲ್ಲ, ನಾನಿದ್ದೇನೆ” ಎಂದು ಗೇಟಿನ ಮುಂದೆಯೇ ಮಾತು ಕೊಟ್ಟೆ. ಮಾತು ಕೊಡುವುದು ಎಷ್ಟು ಸುಲಭ!

ಉಳಿದವರನ್ನು ಹುಡುಕುವ ದಾರಿಯನ್ನೂ ಅವಳೇ ಹೇಳಿದಳು. ಚಾಳ್‌ನ ಮೂಲೆಯಲ್ಲಿ ಒಂದು ಪುಟ್ಟ ಶನಿ ಗುಡಿ ಉಂಟು. ಬಿಲ್ಡರನ ಜೆಸಿಬಿಗೆ ಸುತ್ತಲಿನ ರೂಮುಗಳನ್ನು ಕೆಡವುವ ಧೈರ್ಯ ಇತ್ತು, ಶನಿದೇವರ ಮೇಲೆ ಕೈ ಹಾಕುವ ಧೈರ್ಯ ಇರಲಿಲ್ಲ. ಎಲ್ಲೆಲ್ಲೋ ಚದುರಿದವರು ಶನಿವಾರ ಸಂಜೆ ಪೂಜೆಗೆ ತಪ್ಪದೆ ಬರುತ್ತಿದ್ದರು, ಕರಾವಳಿಯವರೂ, ಬಯಲುಸೀಮೆಯವರೂ. ನಾನು ಶನಿವಾರ ಐದು ಗಂಟೆಗೇ ಹೋಗಿ ಗುಡಿಯ ಜಗಲಿಯಲ್ಲಿ ಕುಳಿತೆ. ಒಂದು ಕಡೆ ಭಜನೆ, ಇನ್ನೊಂದು ಕಡೆ ನನ್ನ ದಫ್ತರ. ಒಬ್ಬೊಬ್ಬರ ಹೇಳಿಕೆ ಬರೆದೆ: ರೂಮ್ ನಂಬರ್, ಸದ್ಯ ಎಲ್ಲಿದ್ದೀರಿ, ಯಾಕೆ, ಮರಳಿ ಬರುವವರೋ ಅಲ್ಲವೋ. ಇಬ್ಬಿಬ್ಬರು ನೆರೆಯವರ ಸಹಿ, ಆಧಾರ್ ನಕಲು. ಮಂಗಳಾರತಿಯ ಹೊತ್ತಿಗೆ ಇಪ್ಪತ್ತಾರು ಮುಗಿದಿತ್ತು. ಉಳಿದ ಆರು ಮುಂದಿನ ಮೂರು ದಿನಗಳಲ್ಲಿ ಆದವು. ಆ ಶನಿವಾರ ಪಂಚಕಜ್ಜಾಯ ತಿನ್ನುತ್ತ ‘ಈಗ ಬಾ ಮಗನೇ’ ಎಂದು ಆ ಮ್ಯಾನೇಜರನನ್ನು ಮನಸ್ಸಿನಲ್ಲೇ ಕರೆದೆ.

ಬುಧವಾರ ಬಾಂದ್ರಾದ ಚುನಾವಣಾ ಕಚೇರಿಗೆ ಹೋಗಿ ವರದಿ ಒಪ್ಪಿಸಿದೆ. ನೋಂದಣಿ ಅಧಿಕಾರಿ ಮರಾಠಿಯವರು, ಕಡಿಮೆ ಮಾತಿನ ಮನುಷ್ಯ. ಹೇಳಿಕೆಗಳನ್ನು ಒಂದೊಂದಾಗಿ ನೋಡಿದರು. ತಾತ್ಕಾಲಿಕವಾಗಿ ಬೇರೆ ಕಡೆ ಇದ್ದರೆ ಹೆಸರು ಉಳಿಯುತ್ತದೆ, ಖಾಯಂ ಬಿಟ್ಟು ಹೋಗಿದ್ದರೆ ತೆಗೆಯಲೇಬೇಕು ಎಂದು ನಿಯಮ ಹೇಳಿದರು. ಆಮೇಲೆ ತಮ್ಮ ಕಪಾಟಿನಿಂದ ಇನ್ನೊಂದು ಫೈಲು ತೆಗೆದರು. ಅರ್ಜಿಗಳ ಜೊತೆ ಲಗತ್ತಿಸಿದ್ದ ಪುರಾವೆಗಳಂತೆ. ನನಗೆ ಕೊಟ್ಟ ಕಟ್ಟಿನಲ್ಲಿ ಅವು ಇರಲೇ ಇಲ್ಲ.

“ಮ್ಯಾಡಮ್, ಹೇ ಅಕ್ಷರ್ ಕುಣಾಚಂ?” ಅಂದರು. ಈ ಅಕ್ಷರ ಯಾರದು ಎಂದು.

ನನ್ನದು. ನಮ್ಮ ಶಾಲೆಯ ಜನರಲ್ ರಿಜಿಸ್ಟರಿನ ಪುಟಗಳ ಝೆರಾಕ್ಸ್, ಮೇಲೆ ಶಾಲೆಯ ಮೊಹರು. ಮಗುವಿನ ಹೆಸರು, ಪಾಲಕರ ಹೆಸರು, ಚಾಳ್‌ನ ರೂಮ್ ನಂಬರ್, ಕೊನೆಯ ಕಾಲಮ್ಮಿನಲ್ಲಿ ಶಾಲೆ ಬಿಟ್ಟ ಕಾರಣ. ಪುಟದಿಂದ ಪುಟಕ್ಕೆ ನನ್ನ ದುಂಡಗಿನ ಅಕ್ಷರದಲ್ಲಿ ಅದೇ ಕಾರಣ: ‘ಕುಟುಂಬ ಖಾಯಂ ಊರಿಗೆ ಹೋಗಿದೆ.’ ಕೆಳಗೆ ಮರಾಠಿಯಲ್ಲೂ ನಾನೇ ಬರೆದಿದ್ದೆ.

ಇದನ್ನು ಬಿಡಿಸಿ ಹೇಳಬೇಕು, ನಾಚಿಕೆಯಾದರೂ. ಚಾಳ್‌ನ ಹೆಚ್ಚಿನ ಮಕ್ಕಳು ನಮ್ಮ ಶಾಲೆ ಬಿಟ್ಟದ್ದು ಊರಿಗೆ ಹೋಗಲಿಕ್ಕಲ್ಲ, ಮುಂದಿನ ಗಲ್ಲಿಯ ಇಂಗ್ಲಿಷ್ ಶಾಲೆಗೆ ಸೇರಲಿಕ್ಕೆ. ಹಾಗೆಂದು ಬರೆದರೆ ನಮ್ಮ ಗ್ರಹಚಾರ. ಮಗು ಯಾಕೆ ಹೋಯಿತು, ನೀವು ಮನೆಗೆ ಎಷ್ಟು ಸಲ ಹೋಗಿ ತಿಳಿಹೇಳಿದಿರಿ, ವರದಿ ಎಲ್ಲಿ ಎಂದು ಮೇಲಿನವರು ಪ್ರಾಣ ತಿನ್ನುತ್ತಾರೆ. ‘ಊರಿಗೆ ಹೋದರು’ ಎಂದರೆ ಮುಂದಕ್ಕೆ ಪ್ರಶ್ನೆಯೇ ಇಲ್ಲ. ಕನ್ನಡದವರು, ಊರಿಗೆ ಹೋದರಂತೆ, ಮುಗಿಯಿತು. ನಾನು ಕೆಲಸಕ್ಕೆ ಸೇರಿದ ವಾರವೇ ಹಿರಿಯ ಟೀಚರುಗಳು ಇದನ್ನು ಕಲಿಸಿಕೊಟ್ಟಿದ್ದರು. ನಾನೂ ಕಿರಿಯರಿಗೆ ಕಲಿಸಿದ್ದೇನೆ. ಸುಳ್ಳು ಅಂತ ನಮಗ್ಯಾರಿಗೂ ಅನ್ನಿಸಿಯೇ ಇರಲಿಲ್ಲ, ಹಾಜರಿಗೆ ಟಿಕ್ ಹಾಕುವಷ್ಟೇ ಸಹಜವಾಗಿ ಬರೆಯುತ್ತಿದ್ದೆವು.

“ಒಂದು ಕಡೆ ಅವರ ಹೇಳಿಕೆ, ಇನ್ನೊಂದು ಕಡೆ ಸರಕಾರಿ ರಿಜಿಸ್ಟರು. ನಾನು ಯಾವುದನ್ನು ನಂಬಲಿ?” ಎಂದು ಅಧಿಕಾರಿ ಕೇಳಿದರು. ಸೋಮವಾರ ವಿಚಾರಣೆ ಇಟ್ಟರು.

ವಾಪಸು ಬರುವ ಲೋಕಲ್‌ನಲ್ಲಿ ನಿಂತುಕೊಂಡು ಯೋಚಿಸಿದ್ದೆಲ್ಲ ಒಂದೇ: ಈ ಪುಟಗಳನ್ನು ಬಿಲ್ಡರನಿಗೆ ಕೊಟ್ಟವರು ಯಾರು? ರಿಜಿಸ್ಟರು ಇರುವ ಕಪಾಟಿನ ಕೀಲಿ ಹೆಡ್‌ಮಿಸ್ಟ್ರೆಸ್ ಹತ್ತಿರ. ನಿವೃತ್ತಿಗೆ ಅವರಿಗೆ ನಾಲ್ಕು ತಿಂಗಳು. ನಿವೃತ್ತಿಯಾದ ಮೇಲೆ ಎಲ್ಲಾದರೂ ಫ್ಲ್ಯಾಟ್ ನೋಡುತ್ತಿದ್ದೇನೆ ಎಂದು ಬೇರೆ ಅಂದಿದ್ದರು. ನನಗೆ ಅಷ್ಟೇ ಸಾಕಾಯಿತು. ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದನ್ನೂ ಕಾಯದೆ ಅವರ ಕೋಣೆಗೆ ನುಗ್ಗಿದೆ.

“ಎಷ್ಟು ಸ್ಕ್ವೇರ್ ಫೂಟಿಗೆ ಮಾರಿದಿರಿ ಮೇಡಂ ಶಾಲೆಯ ರಿಜಿಸ್ಟರನ್ನ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದು ಮುಗಿಸಲು ಬಿಟ್ಟರು. ಆಮೇಲೆ ಮೆಲ್ಲಗೆ, “ರೈನ್‌ಕೋಟ್ ಹಂಚಿದ್ದು ನೆನಪುಂಟಾ ಮಾರಾಯ್ತಿ?” ಅಂದರು.

ನೆನಪಾಯಿತು. ಕಳೆದ ಮಳೆಗಾಲದ ಆರಂಭದಲ್ಲಿ ಆ ಮ್ಯಾನೇಜರ್ ನಮ್ಮ ಮಕ್ಕಳಿಗೆ ರೈನ್‌ಕೋಟು, ಚೀಲ ತಂದು ಹಂಚಿದ್ದ. ಹೊರಡುವಾಗ, “ಶಾಲೆ ಬಿಟ್ಟ ಮಕ್ಕಳೂ ನಮ್ಮ ಚಾಳ್‌ನವರೇ ಅಲ್ವಾ ಟೀಚರ್? ಅವರಿಗೂ ತಲುಪಿಸ್ತೇವೆ, ಒಂದು ಲಿಸ್ಟ್ ಸಿಕ್ಕಿದ್ರೆ ಉಪಕಾರ” ಅಂದಿದ್ದ. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು, ಹೆಸರು ಬೇರೆ ಬರೆದುಕೊಡುವ ಸೋಮಾರಿತನಕ್ಕೆ ಪುಟಗಳನ್ನೇ ಝೆರಾಕ್ಸ್ ಹೊಡೆಸಿ, ಮೊಹರು ಒತ್ತಿ, ನನ್ನ ಕೈಯಾರೆ ಕೊಟ್ಟಿದ್ದೆ. ಹೆಡ್‌ಮಿಸ್ಟ್ರೆಸ್ ಆ ದಿನ ಕೀಲಿ ನನ್ನ ಕೈಗೆ ಕೊಟ್ಟು ರಜೆಯಲ್ಲಿದ್ದರು, ಮರುದಿನ ನಾನೇ ಅವರಿಗೆ ಹೇಳಿಯೂ ಇದ್ದೆ. ಒಂದು ವಾರ ಊರೆಲ್ಲರನ್ನೂ ಅನುಮಾನಿಸಿದವಳು ನನ್ನೊಬ್ಬಳನ್ನು ಮಾತ್ರ ಬಿಟ್ಟಿದ್ದೆ. ಅವರ ಕಾಲಿಗೆ ಬೀಳುವುದೊಂದು ಬಾಕಿ. ಅವರು ಕ್ಷಮಿಸಿದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

“ಈಗ ಎಂತ ಮಾಡ್ತೀ?” ಎಂದು ಕೇಳಿದರು.

“ಕಾರಣ ಸುಳ್ಳು ಅಂತ ಬರೆದುಕೊಡ್ತೇನೆ.”

“ಅದರ ಕೆಳಗೆ ನನ್ನ ಸಹಿ ಉಂಟು. ಸರಕಾರಿ ದಾಖಲೆಯಲ್ಲಿ ಸುಳ್ಳು ಅಂದ್ರೆ ಏನಾಗ್ತದೆ ಗೊತ್ತುಂಟಲ್ಲ? ನನ್ನ ಪೆನ್ಶನ್ ಫೈಲು ಈಗ ತಾನೇ ಮೇಲೆ ಹೋಗಿದೆ.”

ಶುಕ್ರವಾರ ಮ್ಯಾನೇಜರ್ ತಾನಾಗಿಯೇ ಶಾಲೆಯ ಗೇಟಿಗೆ ಬಂದ. ಏನೂ ಬೆದರಿಸಲಿಲ್ಲ. “ಟೀಚರ್, ನೀವು ಸುಳ್ಳು ಹೇಳೋದು ಬೇಡ. ಅಕ್ಷರ ನನ್ನದು, ಆಗ ಪಾಲಕರು ಹೇಳಿದ್ದನ್ನೇ ಬರೆದೆ ಅಂದ್ರೆ ಆಯ್ತು. ಯಾರಿಗೂ ತೊಂದರೆ ಇಲ್ಲ, ನಿಮಗೂ ಇಲ್ಲ, ದೊಡ್ಡ ಮೇಡಮ್ಮಿಗೂ ಇಲ್ಲ.” ಹೆಡ್‌ಮಿಸ್ಟ್ರೆಸ್ ಪೆನ್ಶನ್ನಿನ ವಿಷಯ ಇವನಿಗೆ ಯಾರು ಹೇಳಿದರು? ಕೇಳಿ ಪ್ರಯೋಜನವಿರಲಿಲ್ಲ. ಅವನು ಹೇಳಿಕೊಟ್ಟ ಮಾತು ಎಷ್ಟು ಸಲೀಸಾಗಿತ್ತೆಂದರೆ, ಎರಡು ಕ್ಷಣ ನಾನು ಅದನ್ನು ಮನಸ್ಸಿನಲ್ಲಿ ಹೇಳಿ ನೋಡಿದೆ. ಪಾಲಕರು ಹೇಳಿದ್ದನ್ನೇ ಬರೆದೆ. ಆಗ ಸುಳ್ಳುಗಾರರಾಗುವವರು ಆ ಮೂವತ್ತೆರಡು ಜನ. ಇಂಥ ಮಾತು ನನ್ನ ಬಾಯಿಗೆ ಬರುವಷ್ಟು ಹತ್ತಿರ ಬಂದಿತಲ್ಲ ಎಂದು ನನ್ನ ಮೇಲೆಯೇ ಅಸಹ್ಯವಾಯಿತು. “ನೀವಿನ್ನು ಈ ಗೇಟಿನ ಒಳಗೆ ಕಾಲಿಟ್ಟರೆ ಮಕ್ಕಳ ಎದುರೇ ಮರ್ಯಾದೆ ಕಳೆಯುತ್ತೇನೆ” ಎಂದು ಹೇಳಿ ಗೇಟು ಹಾಕಿಸಿದೆ.

ಭಾನುವಾರ ಕುಳಿತು ನನ್ನ ಹೇಳಿಕೆ ಬರೆದೆ. ಈ ನಮೂದುಗಳೆಲ್ಲ ನನ್ನ ಕೈಯವು. ಕಾರಣವನ್ನು ಪಾಲಕರು ಹೇಳಿದ್ದಲ್ಲ, ವಿಚಾರಿಸದೆ, ನಿಜ ಗೊತ್ತಿದ್ದೂ, ರೂಢಿಯ ಮೇಲೆ ನಾನೇ ಬರೆದದ್ದು. ಹೆಡ್‌ಮಿಸ್ಟ್ರೆಸ್ ನನ್ನ ನಮೂದನ್ನು ನಂಬಿ ಸಹಿ ಮಾಡಿದ್ದಾರೆ. ಕೊನೆಯ ಸಾಲು ಪೂರ್ತಿ ನಿಜವಲ್ಲ, ಅವರಿಗೂ ರೂಢಿ ಗೊತ್ತಿತ್ತು. ಅದೊಂದನ್ನು ತಿಳಿದೂ ತಿಳಿದೂ ಬರೆದೆ. ಜೊತೆಗೆ ಮುಂದಿನ ಗಲ್ಲಿಯ ಶಾಲೆಯಿಂದ ಆ ಮಕ್ಕಳು ಈಗ ಅಲ್ಲಿ ಓದುತ್ತಿದ್ದಾರೆ ಎಂಬ ಪತ್ರವನ್ನೂ ಶನಿವಾರವೇ ತಂದಿಟ್ಟುಕೊಂಡಿದ್ದೆ.

ವಿಚಾರಣೆಗೆ ಚಾಳ್‌ನವರೆಲ್ಲ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಆಕ್ಷೇಪಕ್ಕೆ ಸಹಿ ಹಾಕಿದ ಎಂಟು ಮಂದಿಯಲ್ಲಿ ಒಬ್ಬನೂ ಬಂದಿರಲಿಲ್ಲ. ವಕೀಲನೊಬ್ಬ ಬಂದಿದ್ದ, ಅವನ ಹಿಂದೆ ನಮ್ಮ ಮ್ಯಾನೇಜರ್. ಅಧಿಕಾರಿ ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿದರು. ಮರಾಠಿಯಲ್ಲಿ ಬರೆದದ್ದನ್ನು ಕನ್ನಡದಲ್ಲೂ ಹೇಳಿ ಎಂದರು. ಹೇಳಿದೆ, ಮೂವತ್ತೆರಡು ಜನರ ಎದುರು.

ವಕೀಲ ಅರ್ಧ ಗಂಟೆ ವಾದಿಸಿದ. ಅಧಿಕಾರಿ ಕೊನೆಗೆ ಶಾಲೆಯ ಪತ್ರ, ನನ್ನ ಹೇಳಿಕೆ, ಮತದಾರರ ಹೇಳಿಕೆ ಮೂರನ್ನೂ ಪಿನ್ ಮಾಡಿ, ಹೆಸರುಗಳು ಉಳಿಯುತ್ತವೆ, ಆದರೆ ಪ್ರತಿಯೊಬ್ಬರೂ ಈ ಕಚೇರಿಯಲ್ಲೇ ಹೊಸ ಹೇಳಿಕೆಗೆ ಸಹಿ ಮಾಡಬೇಕು ಎಂದರು. ಹೇಳಿಕೆ ಬರೆಯುವ ಕೆಲಸ ಮತ್ತೆ ನನಗೇ. ಆಮೇಲೆ ನನಗೆ ಇಲಾಖೆಯಿಂದ ನೋಟೀಸು ಬಂದದ್ದು, ವರ್ಷದ ಇನ್‌ಕ್ರಿಮೆಂಟ್ ನಿಂತದ್ದು, ಬಿಲ್ಡರನ ಪಾಲುದಾರನ ತಮ್ಮ ಹೇಗೂ ಚುನಾವಣೆ ಗೆದ್ದದ್ದು ಎಲ್ಲ ಬೇರೆ ಮಾತು. ಆ ಮಧ್ಯಾಹ್ನ ನಾನು ಗೆದ್ದೆ ಎಂದೇ ತಿಳಿದಿದ್ದೆ. ಮೇಜಿನ ಮುಂದೆ ಕುಳಿತು ಒಂದೇ ಸಮನೆ ಮರಾಠಿಯಲ್ಲಿ ಬರೆಯುತ್ತಿದ್ದೆ.

ಕಲಬುರ್ಗಿಯವಳ ಸರದಿ ಬಂತು. ಬರೆದು ಮುಗಿಸಿ, ಸಹಿ ಹಾಕುವ ಜಾಗದಲ್ಲಿ ಬೆರಳಿಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ.

“ಊರಿಗೆ ಹೋಗ್ಯಾರಂತ ಬರದಿದ್ದು ನೀವೇನ್ರಿ?”

“ನಾನೇ. ತಪ್ಪಾಯಿತು. ಈಗ ಸರಿ ಮಾಡಿದೆನಲ್ಲ, ಸಹಿ ಹಾಕು.”

“ಇದನ್ನ ಓದಸ್ತೀನ್ರಿ ಮೊದಲು.”

“ಕೊಡು, ನಾನೇ ಓದುತ್ತೇನೆ.”

“ನೀವ್ ಬ್ಯಾಡ್ರಿ ಅಕ್ಕೋರ.”

ಅವಳು ಹಾಳೆ ತೆಗೆದುಕೊಂಡು ಪಕ್ಕದ ಮೇಜಿನ ಗುಮಾಸ್ತನ ಹತ್ತಿರ ಹೋದಳು. “ಭಾವು, ಯೇ ಪೂರಾ ಪಢ್‌ಕೇ ಬತಾವೋ” ಅಂದಳು. ಅವನು ಹಿಂದಿಯಲ್ಲಿ ಒಂದೊಂದೇ ಸಾಲು ಹೇಳುತ್ತ ಹೋದ. ಎರಡನೆಯ ಸಾಲಿಗೇ ಅವಳು ಕೈ ಎತ್ತಿ ನಿಲ್ಲಿಸಿದಳು, ನನ್ನ ಕಡೆ ತಿರುಗಿದಳು.

“ಮೂಳ್ ಗಾಂವ್ ಕಲಬುರ್ಗಿ ಅಂತ ಬರದೀರಿ. ಯಾರ್ ಹೇಳ್ಯಾರ ನಿಮಗ?”

“ಅಲ್ಲವಾ? ನಿಮ್ಮ ಮೂಲ ಊರು ಆ ಕಡೆಯಲ್ಲವೇ?”

“ನಮ್ಮಪ್ಪ ಅಲ್ಲಿಂದ ಬಂದಾನ್ರಿ. ನಾ ಹುಟ್ಟಿದ್ದು ಇದೇ ಚಾಳಿನ ಹದಿನಾಲ್ಕನೇ ರೂಮಿನ್ಯಾಗ. ಕಲಬುರ್ಗಿ ಸ್ಟೇಷನ್ ಸುದ್ದಾ ನೋಡಿಲ್ಲ ನಾ. ಅದನ್ನ ಹೊಡದು ಹಾಕ್ರಿ.”

ತನ್ನ ಊರು ಕಲಬುರ್ಗಿ ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಸಾಲನ್ನು ಉದ್ದಕ್ಕೆ ಹೊಡೆದು ಹಾಕಿದೆ. ಮೇಲೆ ‘ಹುಟ್ಟಿದ್ದು ಮುಂಬಯಿ, ರೂಮ್ ನಂಬರ್ ಹದಿನಾಲ್ಕು’ ಎಂದು ಬರೆದು, ತಿದ್ದಿದ್ದಕ್ಕೆ ಅಂಚಿನಲ್ಲಿ ನನ್ನ ಸಹಿ ಮಾಡಿದೆ. ಅವಳು ಹಾಳೆಯನ್ನು ಮತ್ತೆ ಗುಮಾಸ್ತನಿಗೆ ಕೊಟ್ಟು, ತಿದ್ದಿದ್ದನ್ನೂ ಓದಿಸಿದಳು. ಆಮೇಲೆ ಸಹಿ ಹಾಕಿದಳು.